ನೂರನೆಯ ಕಣ್ಣು

ಕಣ್ಣಿನ ಪರೀಕ್ಷೆಯಲ್ಲಿ ಕಾಪಿ ಹೊಡೆದವರನ್ನು ನೀವು ಕಂಡಿರಲಿಕ್ಕಿಲ್ಲ. ಹಲಸೂರಿನ ಮುತ್ತುರಾಜ ಹೊಡೆದ. ಅದೂ ಅರವತ್ತಮೂರನೆಯ ವಯಸ್ಸಿನಲ್ಲಿ, ಚರ್ಚಿನ ಕಾಂಪೌಂಡಿನೊಳಗೆ, ಭಾನುವಾರದ ಆರಾಧನೆ ಮುಗಿದು ಹತ್ತು ನಿಮಿಷವೂ ಆಗುವ ಮೊದಲೇ.

ಅವನಿಗೆ ಅದು ನೀರು ಕುಡಿದಷ್ಟು ಸುಲಭದ ಕೆಲಸ. ಶಿವಾಜಿನಗರದ ಬಷೀರ್ ಸಾಹೇಬರ ಕನ್ನಡಕದಂಗಡಿಯಲ್ಲಿ ಮೂವತ್ತಾರು ವರ್ಷದಿಂದ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತ ಬಂದವನು. ಅಂಗಡಿಯ ಗೋಡೆಯ ಮೇಲಿನ ಅಕ್ಷರದ ಚಾರ್ಟು, ಮೇಲೆ ಕುಂಬಳಕಾಯಿಯಷ್ಟು ದಪ್ಪಕ್ಕೆ ಶುರುವಾಗಿ ಕೆಳಗೆ ಸಾಸಿವೆಯಷ್ಟಾಗಿ ಮುಗಿಯುವಂಥದ್ದು, ಅವನಿಗೆ ಪೂರ್ತಿ ಬಾಯಿಪಾಠ. ಇಂಗ್ಲಿಷಿನದು, ಕನ್ನಡದ್ದು ಎರಡೂ. ಓದು ಬಾರದವರಿಗೆಂದು ಇಟ್ಟ, ಮುರಿದ ಬಾಚಣಿಗೆಯ ತುಂಡುಗಳಂಥ ಚಿತ್ರ ನಾಲ್ಕು ದಿಕ್ಕಿಗೂ ತಿರುಗಿ ನಿಂತಿರುವ ಚಾರ್ಟೂ ಅಷ್ಟೆ. ಹಲ್ಲು ಯಾವ ಕಡೆಗಿದೆ ಎಂದು ಹೇಳಬೇಕು. ಮೇಲೆ, ಎಡ, ಕೆಳಗೆ, ಬಲ, ಬಲ, ಮೇಲೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸಿಯಾನು.

ಪರೀಕ್ಷೆ ಮಾಡಿದವರು ಡಾಕ್ಟರ್ ವಿಕ್ರಮ್. ಇಂದಿರಾನಗರದಲ್ಲಿ ಕಣ್ಣಿನ ಆಸ್ಪತ್ರೆ ನಡೆಸುವವರು, ಚರ್ಚಿನಿಂದ ಆಫ್ರಿಕಾದ ಮಲಾವಿ ದೇಶಕ್ಕೆ ಕಣ್ಣಿನ ಸೇವೆಗೆಂದು ಹೊರಟಿದ್ದ ತಂಡದ ಮುಖ್ಯಸ್ಥರು. ಹನ್ನೆರಡು ಜನರ ಆರೋಗ್ಯದ ಫಾರ್ಮಿಗೆ ಸಹಿ ಹಾಕಿ ಊಟಕ್ಕೆ ಹೋಗುವ ಆತುರ ಅವರಿಗೆ. ಆ ಆತುರದಲ್ಲಿ ಚಾರ್ಟು ತರುವುದನ್ನೇ ಮರೆತಿದ್ದರು.

"ಅಂಗಡೀದು ತಂದಿದೀನಿ ಡಾಕ್ಟ್ರೇ," ಎಂದು ಮುತ್ತುರಾಜನೇ ಚೀಲದಿಂದ ಸುರುಳಿ ತೆಗೆದು, ತಾನೇ ಮೊಳೆಗೆ ನೇತುಹಾಕಿ, ತಾನೇ ಹೆಜ್ಜೆಯಲ್ಲಿ ದೂರ ಅಳೆದು ಕೂತ. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ಓದಲು ಹೇಳಿದಾಗ ಕೊನೆಯ ಸಾಲಿನವರೆಗೂ ಗಡಗಡ ಒಪ್ಪಿಸಿದ. ಸಹಜವಾಗಿರಲಿ ಎಂದು ಒಂದೆರಡು ಕಡೆ ಬೇಕೆಂದೇ ತಡವರಿಸಿದ. ವಿಕ್ರಮ್ ಫಾರ್ಮು ನೋಡಿದರು, ಚಾರ್ಟು ನೋಡಿದರು, ಗಡಿಯಾರ ನೋಡಿದರು. ಕಣ್ಣೊಂದನ್ನು ಬಿಟ್ಟು ಎಲ್ಲ ನೋಡಿದರು.

"ಸೂಪರ್ ಅಂಕಲ್. ಈ ವಯಸ್ಸಲ್ಲಿ ನಿಮ್ ಕಣ್ಣು ನಂಗಿಂತ ಶಾರ್ಪ್," ಎಂದು ಸಹಿ ಹಾಕಿಯೇಬಿಟ್ಟರು.

ಆ ಎಡಗಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಬಲಗಣ್ಣು ಮುಚ್ಚಿದರೆ ಲೋಕವೆಲ್ಲ ಹಾಲು ಚೆಲ್ಲಿದ ಹಾಗೆ. ಈ ಗುಟ್ಟು ಗೊತ್ತಿದ್ದದ್ದು ಬಷೀರ್ ಸಾಹೇಬರೊಬ್ಬರಿಗೆ. ಹೆಂಡತಿ ಮಾರಿಯಾಳಿಗೂ ಅವನು ಹೇಳಿರಲಿಲ್ಲ. ಯಾಕೆ ಮಾಡಿಸಿಕೊಳ್ಳಲಿಲ್ಲ ಅಂತೀರಾ? ಭಯ ಸ್ವಾಮಿ, ಭಯ. ಸಾವಿರಾರು ಜನಕ್ಕೆ "ಪೊರೆ ಬಂದಿದೆ, ಆಪರೇಷನ್ ಮಾಡಿಸ್ಕೊಳಿ, ಇರುವೆ ಕಚ್ಚಿದಂಗಾಗತ್ತೆ ಅಷ್ಟೆ" ಎಂದು ಧೈರ್ಯ ಹೇಳಿ ಕಳಿಸಿದ ಮನುಷ್ಯನಿಗೆ ತನ್ನ ಕಣ್ಣಿಗೆ ಚಾಕು ಅಂದರೆ ಕೈಕಾಲು ತಣ್ಣಗಾಗುತ್ತಿತ್ತು.

"ಅರೇ ಮುತ್ತು ಭಾಯ್," ಅಂದಿದ್ದರು ಬಷೀರ್ ಸಾಹೇಬರು, "ಒಂದ್ ಕಣ್ಣಿಟ್ಕೊಂಡು ಊರೋರ್ ಕಣ್ಣು ಸರಿಮಾಡೋಕ್ ಹೊಂಟಿದೀಯಲ್ಲ ಮಿಯಾ, ಮೊದ್ಲು ನಿಂದು ಮಾಡಿಸ್ಕೋ."

"ಬಂದ್ಮೇಲೆ ಸಾಹೇಬ್ರೇ. ಈಗ ಹೇಳಿದ್ರೆ ನನ್ನ ಕೈಬಿಟ್ಟು ಹೋಗ್ತಾರೆ."

"ಮೇಲೊಬ್ಬ ನೋಡ್ತಾನೆ, ತಿಳ್ಕೋ."

"ಅವ್ನು ನೋಡ್ಲಿ ಬಿಡಿ. ಡಾಕ್ಟ್ರು ನೋಡ್ಬಾರ್ದು ಅಷ್ಟೆ."

ಇಷ್ಟೊಂದು ಹಟ ಯಾಕೆ ಎಂದು ಕೇಳಿದರೆ, ಆ ಚರ್ಚಿನ ಕಥೆ ಸ್ವಲ್ಪ ಹೇಳಬೇಕು. ಅಲ್ಲಿ ಭಾನುವಾರ ಮೂರು ಆರಾಧನೆ. ಏಳಕ್ಕೆ ಇಂಗ್ಲಿಷು, ಒಂಬತ್ತಕ್ಕೆ ಕನ್ನಡ, ಹನ್ನೊಂದಕ್ಕೆ ತಮಿಳು. ದೇವರು ಒಬ್ಬನೇ, ಆದರೆ ಕಾರು ನಿಲ್ಲಿಸುವ ಜಾಗ ಏಳರವರಿಗೆ. ಹೊರದೇಶಕ್ಕೆ ಸೇವೆಗೆ ಹೋಗುವುದು ಯಾವತ್ತೂ ಏಳರವರೇ. ಒಂಬತ್ತರವರು ಹೋಗುವವರಿಗೆ ಹಾರ ಹಾಕಿ, ಪ್ರಾರ್ಥನೆ ಮಾಡಿ, ಅವರು ಬಂದ ಮೇಲೆ ಚಿತ್ರ ನೋಡಿ ಚಪ್ಪಾಳೆ ತಟ್ಟುವವರು. ಈ ಸಲ ಕನ್ನಡಕ ಕೂರಿಸಲು ಕೈ ಪಳಗಿದವರು ಒಬ್ಬರು ಬೇಕಾಗಿ, ಮೊಟ್ಟಮೊದಲ ಬಾರಿಗೆ ಕನ್ನಡ ಸರ್ವೀಸಿಗೆ ಒಂದು ಸೀಟು ಸಿಕ್ಕಿತ್ತು. ಮುತ್ತುರಾಜ ಬೇಡ ಅಂದರೆ ಅದು ಮತ್ತೆ ಏಳು ಗಂಟೆಗೇ ವಾಪಸು.

ಅದು ಊರಿನ ಮಾತು. ಅವನೊಳಗಿನ ಮಾತು ಬೇರೆ ಇತ್ತು. ಮುತ್ತುರಾಜ ಅಪ್ಪ ಅಮ್ಮ ಇಲ್ಲದೆ ಮಿಷನ್ ಹಾಸ್ಟೆಲಿನಲ್ಲಿ ಬೆಳೆದವನು. ತಿಂದ ಗಂಜಿ, ತೊಟ್ಟ ಅಂಗಿ, ಹಾಕಿದ ಬೂಟು ಎಲ್ಲ ಯಾರೋ ಪುಣ್ಯಾತ್ಮರು ಕಡಲಾಚೆಯಿಂದ ಕಳಿಸಿದ್ದು. ಬೂಟು ಕಚ್ಚಿದರೂ "ಥ್ಯಾಂಕ್ಯೂ" ಅನ್ನಬೇಕಿತ್ತು. ಕೈಯೊಡ್ಡಿ ಒಡ್ಡಿ ಅಂಗೈಗೆ ಅದೇ ಅಭ್ಯಾಸವಾಗಿ ಹೋಗಿದೆಯೇನೋ ಎಂಬ ಸಂಕಟ ಅವನಿಗೆ ಅರವತ್ತು ದಾಟಿದರೂ ಇತ್ತು. ಸಾಯುವುದರೊಳಗೆ ಒಂದೇ ಒಂದು ಸಲ ಕೊಡುವ ಕಡೆ ನಿಲ್ಲಬೇಕು, ಯಾರಿಗೂ ಥ್ಯಾಂಕ್ಯೂ ಹೇಳದೆ ಹೇಳಿಸಿಕೊಂಡು ಬರಬೇಕು. ಇದು ಅವನ ಆಸೆ. ದೊಡ್ಡ ಭಕ್ತಿಯೇನಲ್ಲ, ಆದರೆ ಆಸೆ ದೊಡ್ಡದೇ.

ಹೊರಡುವ ಹಿಂದಿನ ದಿನ ಮಾರಿಯಾ ಅವನ ಬಟ್ಟೆ ಮಡಿಸಿ ಕೊಟ್ಟಳು. ಮಲಾವಿ ಎಲ್ಲಿದೆ, ಏನು ತಿನ್ನುತ್ತಾರೆ ಎಂದು ನೂರು ಪ್ರಶ್ನೆ ಕೇಳುವವಳು ಅವತ್ತು ಹೆಚ್ಚು ಮಾತಾಡಲಿಲ್ಲ.

"ಬಂದ್ಮೇಲೆ ನಿಮ್ಮತ್ರ ಒಂದ್ ವಿಷಯ ಮಾತಾಡೋದಿದೆ," ಅಂದಳು.

"ಈಗ್ಲೇ ಹೇಳು."

"ಈಗ ಬೇಡ. ನೆಮ್ಮದಿಯಾಗಿ ಹೋಗ್ಬನ್ನಿ."

ಅಡುಗೆಮನೆಯ ಸೂರು ಸೋರುವ ವಿಷಯ ಇರಬೇಕು ಎಂದುಕೊಂಡು ಮುತ್ತುರಾಜ ಪೆಟ್ಟಿಗೆಯ ಜಿಪ್ಪು ಎಳೆದ.

ತಂಡದ ಎಲ್ಲ ವ್ಯವಸ್ಥೆ ರಾಜೇಶ್ವರಿ ಡೇವಿಡ್ ಎಂಬಾಕೆಯದು. ಮಹದೇವಪುರದ ಯಾವುದೋ ದೊಡ್ಡ ಕಂಪನಿಯಲ್ಲಿ ಮ್ಯಾನೇಜರು. ಚರ್ಚಿನಲ್ಲಿಯೂ ಬಿಟ್ಟರೆ ದೇವರನ್ನೇ ಮ್ಯಾನೇಜ್ ಮಾಡಿಯಾಳು ಅನ್ನುವಷ್ಟು ಚುರುಕು. ಟಿಕೆಟ್ಟು, ವೀಸಾ, ಹನ್ನೆರಡು ಜನಕ್ಕೂ ಒಂದೇ ನೀಲಿ ಟೀಶರ್ಟು, ಎಲ್ಲಕ್ಕಿಂತ ಮೊದಲು ಶಿವಾಜಿನಗರದಲ್ಲಿ ಅಚ್ಚು ಹಾಕಿಸಿದ ಫ್ಲೆಕ್ಸು: "ನೂರು ಕಣ್ಣಿಗೆ ಬೆಳಕು". ಒಂದು ಕಣ್ಣಿಗೂ ಇನ್ನೂ ಕೈ ಹಚ್ಚಿರಲಿಲ್ಲ, ಲೆಕ್ಕ ಆಗಲೇ ಕೆಂಪು ಅಕ್ಷರದಲ್ಲಿ ಮುಗಿದಿತ್ತು. ನಮ್ಮಲ್ಲಿ ಹಾಗೇ ತಾನೆ, ಗೆದ್ದವನ ಫ್ಲೆಕ್ಸು ಎಲೆಕ್ಷನ್ನಿಗಿಂತ ಮುಂಚೆ ರೆಡಿ.

ಮಲಾವಿಯ ಆ ಮಿಷನ್ ಆಸ್ಪತ್ರೆ ಕೆಂಪು ಇಟ್ಟಿಗೆಯ ಉದ್ದನೆಯ ಕಟ್ಟಡ. ಅಲ್ಲಿಯ ಕಣ್ಣಿನ ವಿಭಾಗಕ್ಕೆ ಸಿಸ್ಟರ್ ಟಿಯಾಮಿಕೆ ಎಂಬ ನಲವತ್ತರ ಹೆಂಗಸೇ ಸರ್ವಸ್ವ. ಡಾಕ್ಟರಲ್ಲ, ಆದರೆ ಪೊರೆ ತೆಗೆಯುವುದರಲ್ಲಿಯೇ ತರಬೇತಿಯಾದವಳು. ಅಂಥವರಿಗೆ ಆ ದೇಶದಲ್ಲಿ ಆಪರೇಷನ್ ಮಾಡುವ ಅಧಿಕಾರವಿದೆ. ವಾರಕ್ಕೆ ಎರಡು ದಿನ ಕೂತು ತೆಗೆದೂ ತೆಗೆದೂ ಸುತ್ತಲ ಹಳ್ಳಿಗಳನ್ನೆಲ್ಲ ಅವಳು ಆಗಲೇ ಮುಕ್ಕಾಲು ಪಾಲು ಗುಡಿಸಿ ಚೊಕ್ಕಟ ಮಾಡಿಟ್ಟಿದ್ದಳು. ಮೊದಲ ದಿನ ಹನ್ನೆರಡು ನೀಲಿ ಟೀಶರ್ಟುಗಳನ್ನು ಸಾಲಾಗಿ ನೋಡಿ, ತುಂಬ ಮರ್ಯಾದೆಯಿಂದ ಕೇಳಿದಳು:

"ನಾವು ಕೇಳಿದ್ದು ಮೈಕ್ರೋಸ್ಕೋಪಿನ ಬಲ್ಬು. ತಂದಿದ್ದೀರಾ?"

ರಾಜೇಶ್ವರಿ ಮೊಬೈಲು ನೋಡಿಕೊಂಡಳು. "ಓ, ಆ ಮೇಲ್ ಬಂದಿತ್ತು. ನೆಕ್ಸ್ಟ್ ಟ್ರಿಪ್ಪಿಗೆ ಅಂತ ಇಟ್ಕೊಂಡಿದೀವಿ," ಎಂದು ಕನ್ನಡದಲ್ಲಿ ಪಕ್ಕದವರಿಗೆ ಹೇಳಿ, ಇಂಗ್ಲಿಷಿನಲ್ಲಿ ಇನ್ನಷ್ಟು ಸಿಹಿಯಾಗಿ ಹೇಳಿದಳು.

ಇಷ್ಟಾದರೂ ಮುತ್ತುರಾಜನ ಪಾಲಿಗೆ ಆ ದಿನಗಳು ಹಬ್ಬ. ಸುಳ್ಳು ಯಾಕೆ ಹೇಳಲಿ, ತಂಡದಲ್ಲಿ ದಿನವಿಡೀ ನಿಜವಾಗಿ ಕೆಲಸವಿದ್ದವರು ಡಾಕ್ಟರ್ ವಿಕ್ರಮ್ ಮತ್ತು ಅವನು, ಇಬ್ಬರೇ. ಉಳಿದವರು ಹಾಡು ಹೇಳಿಕೊಟ್ಟರು, ಫೋಟೊ ತೆಗೆದರು, ಬಿಸಿಲಿಗೆ ಕ್ರೀಮು ಹಚ್ಚಿಕೊಂಡರು. ಮುತ್ತುರಾಜ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಓದುವ ಕನ್ನಡಕ ಕೊಡುತ್ತ ಕೂತ. ಸ್ಕ್ರೂ ತಿರುಗಿಸುವುದು, ಕಡ್ಡಿ ಬಗ್ಗಿಸುವುದು ಎಲ್ಲ ಬೆರಳಿಗೇ ಗೊತ್ತು, ಅದಕ್ಕೆ ಕಣ್ಣು ಬೇಡ. ಒಬ್ಬಳು ಅಜ್ಜಿ ಕನ್ನಡಕ ಹಾಕಿಕೊಂಡು ಮೊದಲು ತನ್ನ ಅಂಗೈ ನೋಡಿದಳು, ಆಮೇಲೆ ಮುತ್ತುರಾಜನ ಮುಖ ನೋಡಿದಳು, ನೋಡಿ ಬಿದ್ದು ಬಿದ್ದು ನಕ್ಕಳು. ಏನಂದಳು ಎಂದು ಕೇಳಿದ್ದಕ್ಕೆ ಟಿಯಾಮಿಕೆ ಹೇಳಿದಳು: "ಇಷ್ಟು ಹೊತ್ತು ಯಾರೋ ಹುಡುಗ ಅಂದುಕೊಂಡಿದ್ದಳಂತೆ. ನೀವೂ ಮುದುಕರೇ ಅಂತ ಈಗ ಗೊತ್ತಾಯಿತಂತೆ." ಮುತ್ತುರಾಜನೂ ನಕ್ಕ. ಆ ಅಜ್ಜಿ ಎರಡೂ ಕೈಯಲ್ಲಿ ಅವನ ಕೈ ಹಿಡಿದು ಥ್ಯಾಂಕ್ಯೂ ಎಂಬುದನ್ನು ತನ್ನ ಭಾಷೆಯಲ್ಲಿ ಹೇಳಿದಳು. ಇದಕ್ಕೇ ಬಂದದ್ದು ತಾನು, ಇನ್ನು ಸತ್ತರೂ ಚಿಂತೆಯಿಲ್ಲ ಅಂತ ಅವನಿಗೆ ಅನ್ನಿಸಿತು.

ಏಳನೆಯ ದಿನ ಮಧ್ಯಾಹ್ನಕ್ಕೆ ತೊಂಬತ್ತೊಂಬತ್ತು ಆಪರೇಷನ್ ಆಗಿತ್ತು. ಆ ಲೆಕ್ಕ ಅಲ್ಲಿಗೇ ನಿಂತಿತು. ಟಿಯಾಮಿಕೆ ದೂರದ ಹಳ್ಳಿಗಳಿಗೆಲ್ಲ ಜೀಪು ಕಳಿಸಿ ನೋಡಿದಳು. ಪೊರೆ ಹಣ್ಣಾದ ಕಣ್ಣು ಇನ್ನೊಂದಿಲ್ಲ. ರಾಜೇಶ್ವರಿ ವರಾಂಡದಲ್ಲಿ ಆಚೆಯಿಂದ ಈಚೆಗೆ ಓಡಾಡುತ್ತ, ಕಟ್ಟಿದ ಫ್ಲೆಕ್ಸನ್ನು ನೋಡುತ್ತ, "ನೈಂಟಿನೈನ್ ಅಂದ್ರೆ ಹೇಗೆ ಕಾಣತ್ತೆ? ಬಾಟಾ ಅಂಗಡಿ ರೇಟ್ ಥರ ಇರಲ್ವಾ?" ಎಂದು ಗೊಣಗುತ್ತಿದ್ದಳು.

ಅದೇ ಹೊತ್ತಿಗೆ ಮುತ್ತುರಾಜ ಥರ್ಮಾಸಿನಿಂದ ಟೀ ಬಗ್ಗಿಸಿಕೊಂಡ. ಟೀ ಕಪ್ಪಿಗೆ ಬೀಳದೆ ಪಕ್ಕದ ಮೇಜಿನ ಮೇಲೆ ಬಿತ್ತು. ಒಂದೇ ಕಣ್ಣಿನ ಮೇಲೆ ಬದುಕುವವರಿಗೆ ಹತ್ತಿರ ದೂರದ ಅಂದಾಜು ತಪ್ಪುತ್ತದೆ. ಅದು ಅವನಿಗೂ ಗೊತ್ತು, ಎದುರಿಗೆ ಕೂತಿದ್ದ ಟಿಯಾಮಿಕೆಗೂ ಗೊತ್ತು. ಅವಳು ಒರೆಸುವ ಬಟ್ಟೆ ಕೊಟ್ಟು, ಅವನನ್ನೇ ಒಂದು ಗಳಿಗೆ ನೋಡಿದಳು.

"ಬಾಂಬೊ," ಅಂದಳು. ಅಲ್ಲಿ ದೊಡ್ಡವರನ್ನು ಹಾಗೇ ಕರೆಯುವುದು, ನಮ್ಮಲ್ಲಿ ಅಪ್ಪಾಜಿ ಅಂದಂತೆ. "ಬನ್ನಿ, ಆ ಸ್ಟೂಲಿನ ಮೇಲೆ ಕೂತುಕೊಳ್ಳಿ."

ಇಬ್ಬರ ಮಾತೂ ಇಂಗ್ಲಿಷಿನಲ್ಲಿ. ಮುತ್ತುರಾಜನದು ಅಂಗಡಿಯ ಇಂಗ್ಲಿಷು, ಕಣ್ಣಿನ ವಿಷಯಕ್ಕೆ ಧಾರಾಳ ಸಾಕು. ಎದುರಿಗೆ ಕಿಟಕಿಯ ಬೆಳಕಿನಲ್ಲಿ ಅದೇ ಬಾಚಣಿಗೆ ಚಾರ್ಟು. ನೋಡಿದ ಕೂಡಲೇ ಅವನಿಗೆ ಜೀವ ಬಂದಂತಾಯಿತು. ಬಲಗಣ್ಣು ಮುಚ್ಚಿದ. ಚಾರ್ಟು ಹಾಲಿನೊಳಗೆ ಮುಳುಗಿ ಹೋಯಿತು. ಪರವಾಗಿಲ್ಲ. ಮೇಲೆ, ಎಡ, ಕೆಳಗೆ, ಬಲ, ಬಲ, ಮೇಲೆ ಎಂದು ಕೈಯಲ್ಲಿ ದಿಕ್ಕು ತೋರಿಸುತ್ತ ಕೊನೆಯ ಸಾಲಿನವರೆಗೂ ಓಡಿದ. ಟಿಯಾಮಿಕೆ ಮಧ್ಯದಲ್ಲಿ ತಡೆಯಲಿಲ್ಲ. ಪೂರ್ತಿ ಮುಗಿಯುವವರೆಗೆ ಕೈಕಟ್ಟಿ ಕೇಳಿದಳು.

"ತುಂಬ ಚೆನ್ನಾಗಿ ಹೇಳಿದಿರಿ. ಆದರೆ ಇದು ಪ್ಲಾಸ್ಟಿಕ್ ಹಾಳೆ ಬಾಂಬೊ, ಎರಡೂ ಕಡೆಯಿಂದ ಕಾಣುತ್ತದೆ. ಈಗ ಹಿಂದುಮುಂದಾಗಿ ತೂಗುಹಾಕಿದ್ದೇನೆ. ನೀವು ಎಡ ಅಂದದ್ದೆಲ್ಲ ಇಲ್ಲಿ ಬಲಕ್ಕಿದೆ." ಅವಳ ದನಿಯಲ್ಲಿ ಕೋಪವಿರಲಿಲ್ಲ. "ಸಾಲಿನಲ್ಲಿ ಕೂತವರು ಮುಂದಿನವರು ಹೇಳಿದ್ದನ್ನು ಕೇಳಿ ಬಾಯಿಪಾಠ ಮಾಡುತ್ತಾರೆ, ಆಪರೇಷನ್ನಿಗೆ ಹೆದರಿಕೊಂಡು. ಅದಕ್ಕೆ ಆಗಾಗ ತಿರುಗಿಸುತ್ತೇನೆ. ತಿಂಗಳಿಗೆ ಇಬ್ಬರು ಅಜ್ಜಂದಿರಾದರೂ ಸಿಕ್ಕಿಬೀಳುತ್ತಾರೆ. ಆದರೆ ವಿಮಾನ ಹತ್ತಿ ಬಂದು ಸಿಕ್ಕಿಬಿದ್ದವರು ನೀವೇ ಮೊದಲು."

ಮುತ್ತುರಾಜನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಡಾಕ್ಟರ್ ವಿಕ್ರಮ್ ಬಂದರು. ಟಾರ್ಚು ಬಿಟ್ಟು ನೋಡಿದರು. ಈ ಸಲ ಕಣ್ಣನ್ನೇ ನೋಡಿದರು. "ಅಂಕಲ್, ಇದು ನಾನು ಸೈನ್ ಹಾಕಿದ ಕಣ್ಣಲ್ವಾ?" ಅಂದರು, ಬೆವರು ಒರೆಸಿಕೊಳ್ಳುತ್ತ. "ಯಾರಿಗೂ ಹೇಳ್ಬೇಡಿ ಪ್ಲೀಸ್." ಅವರ ಹಿಂದೆಯೇ ಬಂದ ರಾಜೇಶ್ವರಿ ವಿಷಯ ಪೂರ್ತಿ ಕೇಳಿದಳು. ಒಂದು ಕ್ಷಣ ಅವಳ ಮುಖ ಮುದುಡಿತು, ಮರುಕ್ಷಣ ಅರಳಿತು.

"ಇವತ್ತೇ ಮಾಡಿದ್ರೆ," ಅಂದಳು ಮೆಲ್ಲಗೆ, "ನೂರಾಗತ್ತಲ್ವಾ?"

"ಕನ್ನಡ ಸರ್ವೀಸಿನೋರ್ಗೆ ಗೊತ್ತಾಗ್ಬಾರ್ದಮ್ಮ," ಎಂದು ಮುತ್ತುರಾಜ ಕೈಮುಗಿದ. "ಸೇವೆ ಮಾಡಕ್ ಹೋಗಿ ಮಾಡಿಸ್ಕೊಂಡ್ ಬಂದ ಅಂತಾರೆ. ಮುಂದಿನ ಸಲ ನಮ್ಮೋರು ಒಬ್ಬರ್ನೂ ಕರ್ಕೊಂಡ್ ಹೋಗಲ್ಲ."

ಹೀಗೆ ಮೂವರೂ ಬಾಯಿಗೆ ಬೀಗ ಹಾಕಿಕೊಂಡರು, ಒಬ್ಬರು ಸಹಿಗಾಗಿ, ಒಬ್ಬರು ಫ್ಲೆಕ್ಸಿಗಾಗಿ, ಒಬ್ಬರು ಮಾನಕ್ಕಾಗಿ. ಉಳಿದ ಒಂಬತ್ತು ಮಂದಿ ಎರಡು ದಿನಕ್ಕೆಂದು ಸರೋವರ ನೋಡಲು ಹೋಗಿದ್ದದ್ದು ಅನುಕೂಲವೇ ಆಯಿತು. ವಿಕ್ರಮ್ ಕೈ ತೊಳೆಯಲು ಹೊರಟರು. "ಬೇಡ ಡಾಕ್ಟರ್, ಈ ಕಣ್ಣನ್ನು ಹಿಡಿದದ್ದು ನಾನು. ನಾನೇ ಮಾಡುತ್ತೇನೆ," ಎಂದಳು ಟಿಯಾಮಿಕೆ.

ಮೇಜಿನ ಮೇಲೆ ಮಲಗಿದ ಮುತ್ತುರಾಜನ ಹಲ್ಲು ಕಟಕಟ ಅನ್ನುತ್ತಿತ್ತು. ಸೂಜಿ ಹಿಡಿದ ಟಿಯಾಮಿಕೆ ಅವನ ಕಿವಿಯ ಹತ್ತಿರ ಬಗ್ಗಿ, "ಏನಿಲ್ಲ ಬಾಂಬೊ, ಇರುವೆ ಕಚ್ಚಿದಂತೆ ಅಷ್ಟೆ," ಅಂದಳು. ಅಯ್ಯೋ, ಇದು ಸುಳ್ಳು ಕಣಮ್ಮ, ಮೂವತ್ತಾರು ವರ್ಷದಿಂದ ನಾನೇ ಹೇಳಿಕೊಂಡು ಬಂದ ಸುಳ್ಳು, ಎಂದು ಅವನಿಗೆ ಕೂಗಬೇಕೆನಿಸಿತು. ಕೂಗುವಷ್ಟರಲ್ಲಿ ಸೂಜಿ ಹೋಗಿಯಾಗಿತ್ತು. ಇರುವೆಗಿಂತ ದೊಡ್ಡದೇ. ಮೈಕ್ರೋಸ್ಕೋಪಿಗೆ ಬಲ್ಬಿಲ್ಲದ್ದಕ್ಕೆ ಕಿಟಕಿ ತೆರೆದು ಆ ಬೆಳಕಿನಲ್ಲೇ ಕೆಲಸ ಮಾಡಿದಳು, ಕಾಲು ಗಂಟೆಯೊಳಗೆ ಎಲ್ಲ ಮುಗಿಯಿತು.

ಮರುದಿನ ಬೆಳಿಗ್ಗೆ ಹತ್ತಿ ಕಟ್ಟಿಸಿಕೊಂಡವರೆಲ್ಲ ವರಾಂಡದ ಬೆಂಚಿನ ಮೇಲೆ ಸಾಲಾಗಿ ಕೂತರು. ಸಾಲಿನ ಕೊನೆಗೆ ನೀಲಿ ಟೀಶರ್ಟಿನ ಮುತ್ತುರಾಜ. ರಾಜೇಶ್ವರಿ ಎಲ್ಲರ ಫೋಟೊ ತೆಗೆದಳು, ಅವನದನ್ನೂ ತೆಗೆದಳು. "ರೆಕಾರ್ಡಿಗೆ ಬೇಕು ಅಂಕಲ್," ಅಂದಳು. ಆಮೇಲೆ ಟಿಯಾಮಿಕೆ ಹತ್ತಿ ಬಿಚ್ಚಿದಳು. ಎರಡು ವರ್ಷದ ಹಾಲು ಬಸಿದುಹೋಗಿ, ಅವಳ ಹುಬ್ಬಿನ ಮೇಲಿನ ಒಂದು ಸಣ್ಣ ಮಾಯ್ದ ಗಾಯ ಅವನಿಗೆ ಕಂಡಿತು. ಮೊದಲು ಕಂಡದ್ದು ಅದು. ಅವನು ಚಿಕ್ಕ ಮಗುವಿನ ಹಾಗೆ ಅತ್ತ. ಸಂತೋಷಕ್ಕೋ ಅವಮಾನಕ್ಕೋ ಅವನಿಗೇ ತಿಳಿಯಲಿಲ್ಲ. ಕೊನೆಗೆ ಅವಳ ಎರಡೂ ಕೈ ಹಿಡಿದು, ಇನ್ನೆಂದೂ ಹೇಳಬಾರದು ಎಂದುಕೊಂಡು ಹೊರಟಿದ್ದ ಆ ಮಾತನ್ನೇ ಹೇಳಿದ. "ಥ್ಯಾಂಕ್ಯೂ ಸಿಸ್ಟರ್."

ಹಲಸೂರಿಗೆ ಬರುವ ಹೊತ್ತಿಗೆ ಒಂದು ಸುಳ್ಳನ್ನು ಚೆನ್ನಾಗಿ ಹದ ಮಾಡಿಟ್ಟುಕೊಂಡಿದ್ದ. ಕಣ್ಣು ಯಾಕೆ ಕೆಂಪು ಎಂದು ಮಾರಿಯಾ ಕೇಳಿದರೆ, ಆಫ್ರಿಕಾದಲ್ಲೂ ಮದ್ರಾಸ್ ಐ ಬರುತ್ತದೆ ಮಾರಾಯ್ತಿ, ಅನ್ನುವುದು. ಕಪ್ಪು ಕನ್ನಡಕ ಏರಿಸಿಕೊಂಡೇ ಮನೆ ಹೊಕ್ಕ. ಮಾರಿಯಾ ಅವನ ತೋಳು ಮುಟ್ಟಿ, "ಊಟ ಸರಿಯಾಗಿ ಮಾಡ್ಲಿಲ್ವಾ? ಧ್ವನಿ ಇಳ್ದೋಗಿದೆ," ಅಂದಳು. ಕಣ್ಣಿನ ಸುದ್ದಿಯೇ ಇಲ್ಲ. ಮರುದಿನ ಕನ್ನಡಕ ತೆಗೆದು ಓಡಾಡಿದ. ಆಗಲೂ ಇಲ್ಲ. ಬಚ್ಚಲಿನಲ್ಲಿ ಕದ್ದು ದಿನಕ್ಕೆ ನಾಲ್ಕು ಸಲ ಡ್ರಾಪ್ಸ್ ಹಾಕಿಕೊಂಡ. ಸೀಸೆಯನ್ನು ಮರೆತು ಕಿಟಕಿಯ ಮೇಲಿಟ್ಟರೂ ಇದೇನು ಅಂತ ಕೇಳಲಿಲ್ಲ. ಬದುಕಿಕೊಂಡೆ ಅನ್ನಿಸಿತು. ಹಾಗೆಯೇ ಒಂಚೂರು ಬೇಜಾರೂ ಆಯಿತು. ಮೂವತ್ತೆಂಟು ವರ್ಷ ಜೊತೆಗಿದ್ದ ಹೆಂಡತಿ, ಗಂಡನ ಮುಖ ಒಂದು ಸಲ ಸರಿಯಾಗಿ ನೋಡುವುದಿಲ್ಲವಲ್ಲ!

ಹೊಸ ಕಣ್ಣು ಬೇರೆ ಕಾಟ ಕೊಡತೊಡಗಿತು. ಲೋಟದ ಅಂಚಿನಲ್ಲಿ ಜಿಡ್ಡು. ಸಕ್ಕರೆ ಡಬ್ಬದಲ್ಲಿ ಇರುವೆ. ಮೂಲೆಯಲ್ಲಿ ಬಲೆ. ಅನ್ನದಲ್ಲಿ ಎರಡು ಕಲ್ಲು. ಒಂದು ದಿನ ತಟ್ಟೆ ತಳ್ಳಿ, "ಏನಾಗಿದೆ ನಿಂಗೆ? ನಾನಿಲ್ದೆ ಇರೋವಾಗ ಮನೇನ ಕೊಟ್ಟಿಗೆ ಮಾಡಿಟ್ಟಿದೀಯ," ಎಂದು ರೇಗಿದ. ಮಾರಿಯಾ ತಟ್ಟೆ ತೆಗೆದುಕೊಂಡು ಹೋಗಿ ಬೆರಳಿನಿಂದ ಅನ್ನ ಸವರಿ ಸವರಿ ಕಲ್ಲು ಹುಡುಕಿದಳು. ಬಂದ ಮೇಲೆ ಹೇಳುತ್ತೇನೆ ಎಂದಿದ್ದ ವಿಷಯವನ್ನೂ ಅವಳು ಎತ್ತಲಿಲ್ಲ, ತನ್ನ ಗುಟ್ಟು ಕಾಯುವ ಗಡಿಬಿಡಿಯಲ್ಲಿದ್ದ ಅವನೂ ಕೇಳಲಿಲ್ಲ.

ಎರಡು ವಾರದ ಮೇಲಿನ ಭಾನುವಾರ ಮಿಷನ್ ವರದಿ. ಅವತ್ತು ಮೂರು ಆರಾಧನೆಯೂ ಒಟ್ಟಿಗೆ. ಚರ್ಚು ಕಿಕ್ಕಿರಿದಿತ್ತು, ಹೊರಗೆ ಶಾಮಿಯಾನ, ಒಳಗೆ ಕಂಬ ಕಂಬಕ್ಕೂ ಸ್ಪೀಕರು, ಮುಂದೆ ಗೋಡೆಯಗಲದ ಪರದೆ. ಮುತ್ತುರಾಜ ಮಾರಿಯಾಳನ್ನು ಕರೆದುಕೊಂಡು ಮೂರನೆಯ ಸಾಲಿನಲ್ಲಿ ಕೂತಿದ್ದ. ಇಷ್ಟು ಮುಂದೆ ಅವರು ಯಾವತ್ತೂ ಕೂತವರಲ್ಲ. ಕನ್ನಡ ಸರ್ವೀಸಿನ ಪರವಾಗಿ ಅವನು ಸಾಕ್ಷಿ ಹೇಳಬೇಕಿತ್ತು, ಅಂದರೆ ದೇವರು ತನ್ನ ಮೂಲಕ ಏನು ಮಾಡಿಸಿದ ಎಂದು ಸಭೆಯ ಮುಂದೆ ನಿಂತು ನಾಲ್ಕು ಮಾತು.

ರಾಜೇಶ್ವರಿ ಒಂದೊಂದೇ ಚಿತ್ರ ತೋರಿಸುತ್ತ ಬಂದಳು. ಕಟ್ಟಡ, ಮರ, ಮಕ್ಕಳು. ಆಮೇಲೆ ಪರದೆಯ ತುಂಬ ಒಂದೇ ಮುಖ. ಬೆಳಗಿನ ಓರೆ ಬೆಳಕು, ನರೆತ ಕುರುಚಲು ಗಡ್ಡ, ಗುಳಿ ಬಿದ್ದ ಕೆನ್ನೆ, ಎಡಗಣ್ಣಿಗೆ ಹತ್ತಿಯ ಪಟ್ಟಿ. ಅರ್ಧ ಮುಖ ಮಾತ್ರ. ನೀಲಿ ಟೀಶರ್ಟನ್ನು ನೀಟಾಗಿ ಕತ್ತರಿಸಿಹಾಕಿದ್ದಳು.

"ನಮ್ಮ ನೂರನೇ ಕಣ್ಣು," ಅಂದಳು, ಗದ್ಗದಿತಳಾಗಿ. "ಈ ಅಜ್ಜ ಅಪ್ಪ ಅಮ್ಮ ಇಲ್ಲದೆ ಬೆಳೆದವರು. ಎರಡು ವರ್ಷದಿಂದ ಕುರುಡುಗಣ್ಣು ಇಟ್ಕೊಂಡೇ ದುಡೀತಿದ್ರು, ಭಯಕ್ಕೆ ಆಪರೇಷನ್ ಮಾಡಿಸ್ಕೊಂಡಿರಲಿಲ್ಲ. ಪಟ್ಟಿ ಬಿಚ್ಚಿದಾಗ ಮಗು ಥರ ಅತ್ತುಬಿಟ್ರು."

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದೇ ಅವಳ ಜಾಣತನ. ಸಭೆಯಲ್ಲಿ ಸೆರಗು, ಕರ್ಚೀಫು ಕಣ್ಣಿಗೆ ಹೋದವು. ಹಿಂದಿನ ಸಾಲಿನಲ್ಲಿ ಯಾರೋ "ಪಾಪ, ಎಂಥ ದಿಕ್ಕಿಲ್ಲದ ಜನ," ಅಂದರು. ಯಾರೂ ಗುರುತು ಹಿಡಿಯದಿದ್ದರೂ ಪಕ್ಕದಲ್ಲಿರುವವಳು ಹಿಡಿಯುತ್ತಾಳೆ. ಎರಡಾಳೆತ್ತರದ ಗಂಡನ ಮುಖ! ಮುತ್ತುರಾಜ ಓರೆಗಣ್ಣಿನಿಂದ ಅವಳನ್ನು ನೋಡಿದ.

ಮಾರಿಯಾ ಪರದೆಯತ್ತ ಮುಖಮಾಡಿ ಶಾಂತವಾಗಿ ಕೂತಿದ್ದಳು. ಆಮೇಲೆ ಅವನ ಕಡೆ ವಾಲಿ ಪಿಸುಗುಟ್ಟಿದಳು:

"ಎಲ್ರೂ ಅಳ್ತಿದಾರಲ್ಲ. ಮುಖ ಚೆನ್ನಾಗ್ ಬಂದಿದ್ಯಾ ಫೋಟೊದಲ್ಲಿ?"

ಅವನಿಗೆ ಮೊದಲು ಹೋದ ಜೀವ ಬಂದಂತಾಯಿತು. ಮರುಕ್ಷಣವೇ ಮೈ ತಣ್ಣಗಾಯಿತು. "ಕಾಣ್ತಿಲ್ವಾ ನಿಂಗೆ?" ಅಂದ.

"ಅಯ್ಯೋ, ಕಾಣ್ದೇ ಏನು," ಅಂದಳು ಆತುರವಾಗಿ. "ಅಜ್ಜ ತಾನೆ. ನಗ್ತಿದಾನೆ."

ಪರದೆಯ ಮೇಲಿನ ಮುಖ ನಗುತ್ತಿರಲಿಲ್ಲ. ಮುತ್ತುರಾಜ ತಿರುಗಿ ಅವಳ ಕಣ್ಣನ್ನೇ ನೋಡಿದ. ಹೊಸ ಕಣ್ಣಿನಿಂದ, ಒಂದು ಮೊಳ ದೂರದಿಂದ, ಪರದೆಯ ಬೆಳಕಿನಲ್ಲಿ. ಕಪ್ಪು ಇರಬೇಕಾದ ಕಡೆ ಎರಡೂ ಬೆಳ್ಳಗೆ. ಅಂಗಡಿಗೆ ಇಂಥ ಕಣ್ಣಿನವರು ಬಂದರೆ ಬಾಗಿಲಲ್ಲೇ ಗುರುತಿಸಿ "ಅಮ್ಮಾ, ಹಣ್ಣಾಗಿಬಿಟ್ಟಿದೆ" ಅನ್ನುತ್ತಿದ್ದವನು ಅವನು. ಪೇಪರು ಓದುವುದನ್ನು ಅವಳು ಬಿಟ್ಟು ಎಷ್ಟು ಕಾಲವಾಯಿತು? ಸುದ್ದಿಯೆಲ್ಲ ಬರೀ ಕೆಟ್ಟದ್ದು, ಓದೋದೇ ಬೇಡ ಅಂದಿದ್ದಳು. ರಸ್ತೆ ದಾಟುವಾಗ ತೋಳು ಹಿಡಿದರೆ, ವಯಸ್ಸಾದ ಮೇಲೆ ಪ್ರೀತಿ ಹೆಚ್ಚಾಗಿದೆ ಎಂದು ಇವನು ಒಳಗೊಳಗೇ ಹಿಗ್ಗಿದ್ದ. ಬಂದ ಮೇಲೆ ಹೇಳುತ್ತೇನೆ ಅಂದದ್ದು ಇದನ್ನು. ಮೊದಲೇ ಹೇಳಿದ್ದರೆ ಅವನು ಹೊರಡುತ್ತಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬಂದ ಮೇಲೆ ಅವನು ತಟ್ಟೆ ತಳ್ಳಿದ್ದ.

"ಈಗ ಕನ್ನಡ ಸಭೆಯಿಂದ ಬ್ರದರ್ ಮುತ್ತುರಾಜ್ ಸಾಕ್ಷಿ ಹೇಳ್ತಾರೆ," ಎಂದು ಪಾಸ್ಟರು ಕರೆದರು. ಚಪ್ಪಾಳೆಯೋ ಚಪ್ಪಾಳೆ. ಒಂಬತ್ತು ಗಂಟೆಯವರು ಎದ್ದು ನಿಂತು ತಟ್ಟಿದರು. ಯಾರೋ ಕೈಗೆ ವೈರಿಲ್ಲದ ಮೈಕು ಕೊಟ್ಟರು. ಅವನು ವೇದಿಕೆಯ ಮೇಲೆ ನಿಂತ, ಹಿಂದೆ ಅವನದೇ ಮುಖ. ಬರೆದುಕೊಂಡು ಬಂದಿದ್ದ ಹಾಳೆ ಜೇಬಿನಲ್ಲಿತ್ತು. ತೆಗೆಯಲಿಲ್ಲ.

"ಸ್ತೋತ್ರ," ಎಂದು ಸಭೆಗೆ ವಂದಿಸಿದ. "ಈ ಫೋಟೊದಲ್ಲಿರೋದು ನಾನು."

ಸಭೆ ಇನ್ನೂ ಚಪ್ಪಾಳೆಯ ಗುಂಗಿನಲ್ಲಿತ್ತು. ಅವನು ಮತ್ತೆ ಹೇಳಿದ.

"ಆಫ್ರಿಕಾದೋರಲ್ಲ, ನಾನು, ಮುತ್ತುರಾಜ. ಕಣ್ಣಿಗೆ ಪೊರೆ ಬಂದಿತ್ತು. ಸೀಟು ಹೋಗ್ಬಿಡ್ತದೆ ಅಂತ ಚಾರ್ಟು ಬಾಯಿಪಾಠ ಹೇಳಿ ಡಾಕ್ಟ್ರಿಗೆ ಮೋಸ ಮಾಡ್ದೆ. ಅಲ್ಲಿರೋ ಸಿಸ್ಟರ್ ಹಿಡಿದ್ಬಿಟ್ರು. ಅವ್ರೇ ಆಪರೇಷನ್ ಮಾಡಿದ್ರು. ಅವ್ರು ಬಲ್ಬು ಕೇಳಿದ್ರು, ನಾವು ತಗೊಂಡ್ ಹೋಗಿರ್ಲಿಲ್ಲ. ಬಲ್ಬಿಲ್ದೇನೇ ಮಾಡಿದ್ರು, ಕಿಟಕಿ ತೆಗ್ದು. ನಾನು ಕೊಡಕ್ ಹೋದೋನು, ತಗೊಂಡ್ ಬಂದೆ. ಇದೇ ನನ್ ಸಾಕ್ಷಿ."

ಎಲ್ಲಿಯೋ ಒಬ್ಬರು ಕಿಸಕ್ಕನೆ ನಕ್ಕು ಸುಮ್ಮನಾದರು. ಡಾಕ್ಟರ್ ವಿಕ್ರಮ್ ತಮ್ಮ ಬೂಟಿನ ಲೇಸನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ರಾಜೇಶ್ವರಿ ಗಾಬರಿಯಲ್ಲಿ ಗುಂಡಿ ಒತ್ತಿ ಮುಂದಿನ ಚಿತ್ರ ತಂದಳು: ಹನ್ನೆರಡು ಜನ, ನೀಲಿ ಟೀಶರ್ಟು, ಹೆಬ್ಬೆರಳು ಮೇಲೆ. ಪಾಸ್ಟರಿಗೆ ಬೇರೇನೂ ತೋಚದೆ "ಆಮೆನ್" ಅಂದುಬಿಟ್ಟರು.

ಮುತ್ತುರಾಜನಿಗೆ ಅದಾವುದೂ ಬೇಕಿರಲಿಲ್ಲ. ಮೈಕು ಹಿಡಿದುಕೊಂಡೇ ಮೆಟ್ಟಿಲಿಳಿದು ಮೂರನೆಯ ಸಾಲಿಗೆ ಬಂದ. ಎಲ್ಲರೂ ಎದ್ದು ನಿಂತು ಕತ್ತು ಚಾಚಿ ನೋಡುತ್ತಿದ್ದರು. ಮಾರಿಯಾ ಒಬ್ಬಳೇ ಕೂತಿದ್ದಳು, ಮಡಿಲಲ್ಲಿ ಕೈಯಿಟ್ಟುಕೊಂಡು. ಅವಳ ಎದುರಿಗೆ ನಿಂತ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ.

"ಮಾರಿಯಾ," ಅಂದ. ಅವನ ಧ್ವನಿ ಒಡೆದು ಕಂಬದ ಸ್ಪೀಕರುಗಳಲ್ಲೆಲ್ಲ ಮೊಳಗಿತು. "ತಪ್ಪಾಯ್ತು ಕಣೆ. ಇಲ್ಲಿ ನೋಡು ನನ್ನ."

ಮಾರಿಯಾ ಮುಖವೆತ್ತಿದಳು. ಮಾತು ಬಂದ ದಿಕ್ಕಿಗೆ, ಪಕ್ಕದ ಕಂಬಕ್ಕೆ ಕಟ್ಟಿದ್ದ ಕರಿ ಡಬ್ಬದ ಕಡೆಗೆ ತಿರುಗಿ, ಸೆರಗು ಸರಿಮಾಡಿಕೊಂಡು ನಕ್ಕಳು.

"ನೋಡ್ತಾನೇ ಇದೀನಲ್ರೀ," ಅಂದಳು. "ಹೇಳಿ."